ಬರ್ತೇನ್ರಿ ಅಂದವನು ಹೋದದ್ದೆಲ್ಲಿಗೆ?

ತೀರ್ಪು ಕೊಡುವ ಚಟ ಅಂಟಿಸಿಕೊಂಡವನಿಗೆ ದೇವರು ಸಹನೆಯುಳ್ಳ ಗೆಳೆಯರನ್ನೇ ಕೊಡಬೇಕು. ನನಗೆ ಕೊಟ್ಟಿದ್ದಾನೆ, ಅದಕ್ಕೇ ಈ ಬರಹ. ನಾನು ಹೈಸ್ಕೂಲಿನ ಗಣಿತದ ಮಾಸ್ತರ. ಉತ್ತರ ಒಂದೋ ಸರಿ, ಇಲ್ಲವೇ ತಪ್ಪು. ನಡುವೆ ಇನ್ನೊಂದಿದೆ ಎಂದು ಯಾರಾದರೂ ಹೇಳಿದರೆ ತಲೆ ಬಿಸಿಯಾಗುತ್ತದೆ. ಮನೆಯ ಉಪ್ಪಿಟ್ಟಿಗೂ ಮಾರ್ಕು ಹಾಕಿ ಹೆಂಡತಿಯಿಂದ ಉಗಿಸಿಕೊಂಡವನು ನಾನು. ಇಂಥವನ ಕೈಗೆ ಆಟವೊಂದರ ನಿಯಮಪುಸ್ತಕ ಸಿಕ್ಕರೆ ಏನಾಗಬೇಡ!

ಆಟವೆಂದರೆ ಬಯಲಲ್ಲಿ ಓಡುವ ಆಟವಲ್ಲ, ಮೇಜಿನ ಸುತ್ತ ಕೂತು ಆಡುವ ಕಥೆಯ ಆಟ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ‘ನಾ ಹಿಂಗ ಮಾಡ್ತೇನಿ’ ಎನ್ನುತ್ತಾರೆ. ಕೆಲಸ ಆಯಿತೋ ಕೆಟ್ಟಿತೋ ಎಂಬುದನ್ನು ದಾಳ ಹೇಳುತ್ತದೆ. ತಕರಾರು ಬಂದರೆ ಕಥೆ ನಡೆಸುವವನದೇ ಕೊನೆಯ ಮಾತು. ಆ ಖುರ್ಚಿ ನನ್ನದು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿರುವ ನನ್ನ ಬಾಡಿಗೆ ಮನೆಯ ಮಾಳಿಗೆಗೆ ರವಿವಾರ ಮಧ್ಯಾಹ್ನ ಮೂವರು ಬರುತ್ತಾರೆ. ಸೊಲ್ಲಾಪುರ ರಸ್ತೆಯ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ರಿಪೇರಿ ಮಾಡುವ ರಿಯಾಜ್, ನಮ್ಮ ಫ್ಯಾನು ರಿಪೇರಿಗೆ ಕೊಡಲು ಹೋದಾಗ ಗೆಳೆಯನಾದವನು. ಬಬಲೇಶ್ವರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಶೋಭಾ, ಬಸ್ಸಿನಲ್ಲಿ ಬರುತ್ತಾಳೆ. ಟಿಕೋಟಾದ ದ್ರಾಕ್ಷಿ ತೋಟದ ಮಲ್ಲು. ವರ್ಗವಾಗಿ ಈ ಊರಿಗೆ ಬಂದ ಹೊಸದರಲ್ಲಿ ರವಿವಾರವೆಂದರೆ ನಾನು ಕಿಟಕಿಯಲ್ಲಿ ನಿಂತು ಮಂದಿಯನ್ನು ನೋಡುತ್ತಿದ್ದೆ. ಈ ಮೂವರು ಬಂದ ಮೇಲೆ ಅದು ತಪ್ಪಿತು. ಆ ಋಣ ದೊಡ್ಡದು.

ಇಷ್ಟಾದರೂ ಜಗಳ ತಪ್ಪಲಿಲ್ಲ. ರಿಯಾಜ್ ಆಟದ ರಾಜನ ಮುಖಕ್ಕೇ ‘ಲೇ ಡೊಳ್ಳಹೊಟ್ಟಿ’ ಅಂದು, ಸೈನಿಕರು ಬಂದೊಡನೆ “ಅದು ನಾ ಅಂದಿದ್ದು, ನನ್ನ ಪಾತ್ರ ಅಂದಿಲ್ರಿ” ಎನ್ನುತ್ತಿದ್ದ. ಬೇಸತ್ತು ನಾನೇ ಒಂದು ನಿಯಮ ಹೊರಡಿಸಿದೆ: ಮೇಜಿನ ಮುಂದೆ ಆಡಿದ ಮಾತೆಲ್ಲ ಪಾತ್ರದ ಮಾತು. ಮೂವರೂ ಒಪ್ಪಿದರು.

ಒಂದು ರವಿವಾರ ಕಥೆ ರಾಕ್ಷಸ ಮಲಗಿದ್ದ ಗುಹೆಯ ಬಾಗಿಲಿಗೆ ಬಂದಿತ್ತು. ರಿಯಾಜ್ “ನಾ ಒಳಗ ಹೊಕ್ಕೇನಿ” ಅಂದ. ಶೋಭಾ “ನಾನೂ ಹಿಂದ” ಅಂದಳು. ಅಷ್ಟರಲ್ಲಿ ಮಲ್ಲುವಿಗೆ ಫೋನ್ ಬಂತು, ಊರಿನ ಜೀಪು ಹೊರಟು ನಿಂತಿದೆಯೆಂದು. ಅವನು ಎದ್ದು “ನಾ ಬರ್ತೇನ್ರಿ” ಅಂದವನೇ ಮೆಟ್ಟಿಲಿಳಿದ. ನಾನು ಅವನ ಪಾತ್ರವನ್ನೂ ಗುಹೆಯೊಳಗೆ ಸೇರಿಸಿದೆ. ರಾಕ್ಷಸ ಎದ್ದು ಬೆಂಕಿ ಉಗುಳಿದ. ಮಲ್ಲುವಿನ ಪರವಾಗಿ ನಾನೇ ದಾಳ ಹಾಕಿದೆ, ಅದು ಕೆಟ್ಟದಾಗಿ ಬಿತ್ತು. ಅವನು ಆಸೆಯಿಂದ ಬೆಳೆಸಿಕೊಂಡು ಬಂದಿದ್ದ ವೀರ ಸುಟ್ಟು ಬೂದಿಯಾದ.

ಮುಂದಿನ ವಾರ ವಿಷಯ ಕೇಳಿ ಮಲ್ಲುವಿನ ಮುಖ ಕೆಂಪಗಾಯಿತು. “ಬರ್ತೇನಿ ಅಂದ್ರ ಊರಿಗೆ ಹೊಂಟೇನಿ ಅಂತರೀ ಮಾಸ್ತರ! ಜೀಪ್ ಹತ್ತಾಕ ಹೊಂಟವ ರಾಕ್ಷಸನ ಬಾಯಾಗ ಯಾಕ ಬೀಳ್ಲಿ?”

“ಮೇಜಿನ ಮುಂದೆ ಆಡಿದ ಮಾತು,” ಅಂದೆ ನಾನು.

“ಮಾಸ್ತರ, ನಿಮ್ಮ ಮನಿಯಿಂದ ಏಳುವಾಗ ಯಾರರ ಹೋಗ್ತೇನಿ ಅಂತಾರೇನ್ರಿ?” ಶೋಭಾ ಕೇಳಿದಳು.

“ಹಂಗಂದ್ರ ನಮ್ಮ ಅಮ್ಮಿ ಹೊಸ್ತಿಲದಾಗ ನಿಲ್ಲಿಸಿ ಬೈತಾಳ್ರಿ,” ಅಂದ ರಿಯಾಜ್.

ಅವರು ಹೇಳಿದ್ದು ಸರಿ ಎಂದು ನನಗೆ ಅಲ್ಲೇ ಗೊತ್ತಾಯಿತು. ಆದರೆ ಕೊಟ್ಟ ತೀರ್ಪು ಹಿಂದೆಗೆದುಕೊಂಡರೆ ಮಾಸ್ತರಿಕೆಯ ಗತಿ ಏನು? ನಿಯಮ ಅಂದರೆ ನಿಯಮ ಎಂದು ಕೂತೆ. ಮಲ್ಲು ತನ್ನ ದಾಳಗಳನ್ನು ಜೇಬಿಗೆ ಹಾಕಿಕೊಂಡು ಎದ್ದ. ಹೋಗ್ತೇನಿ ಅನ್ನಲಿಲ್ಲ, ಬರ್ತೇನಿ ಅಂತಲೂ ಅನ್ನಲಿಲ್ಲ. ಮರುವಾರ ಅವನು ಬರಲಿಲ್ಲ. ಆಟ ಕಳೆಗಟ್ಟದೆ ಉಳಿದಿಬ್ಬರೂ ಬೇಗ ಎದ್ದರು. ನಾನು ಮತ್ತೆ ಕಿಟಕಿಗೆ ಹೋಗಿ ನಿಂತೆ. ನಿಜವಾಗಿಯೂ ಹೆದರಿಕೆಯಾಯಿತು.

ಶೋಭಾಗೆ ಫೋನು ಮಾಡಿ ಗೋಗರೆದೆ. ಅವಳು ಮಲ್ಲುವಿನೊಡನೆ ಮಾತಾಡಿ ತಿಳಿಸಿದಳು: “ಬರ್ತಾನಂತ. ಆದ್ರ ನಿಮ್ಮ ಖುರ್ಚಿ ಅವಗ, ನೀವು ನಮ್ಮ ಕಡೆ.” ಹೂಂ ಅಂದೆ. ಆ ರವಿವಾರ ಮಲ್ಲು ಪೊಟ್ಟಣ ತುಂಬ ತನ್ನ ತೋಟದ ಒಣದ್ರಾಕ್ಷಿ, ಅಂದರೆ ಮಣೂಕ, ತಂದು ಮೇಜಿನ ನಡುವೆ ಸುರಿದು, ನನ್ನ ಖುರ್ಚಿಯಲ್ಲಿ ಕೂತು ಕಥೆ ಶುರುಮಾಡಿದ. ನಾನು ವೈದ್ಯನ ಪಾತ್ರ. ಕಾಡಿನಲ್ಲೊಬ್ಬ ಮಾಟಗಾತಿ ಅಡ್ಡಗಟ್ಟಿ ಕೇಳಿದಳು: “ನಿನ್ನ ಜೀವ ನನಗ ಕೊಡ್ತೀಯೇನು?” ಅದೇ ಹೊತ್ತಿಗೆ ಕೆಳಗಿನಿಂದ ನನ್ನ ಹೆಂಡತಿ “ಚಹಾ ಇಡ್ಲೇನ್ರಿ?” ಎಂದು ಕೂಗಿದಳು.

“ಹೂಂ, ಆಗ್ಲಿ!” ಅಂದುಬಿಟ್ಟೆ.

ರಿಯಾಜ್ ಮಣೂಕ ನೆತ್ತಿಗೇರಿ ಕೆಮ್ಮುವಷ್ಟು ನಕ್ಕ. ಶೋಭಾ ನನ್ನದೇ ನಿಯಮವನ್ನು ನನ್ನದೇ ಗತ್ತಿನಲ್ಲಿ ಒಪ್ಪಿಸಿದಳು. ನಾನು ಎದ್ದು ನಿಂತು, ನಿಯಮದ ಅಕ್ಷರ ಬೇರೆ ಉದ್ದೇಶ ಬೇರೆ ಎಂದು ಏರುದನಿಯಲ್ಲಿ ವಾದಿಸತೊಡಗಿದೆ. ಮಲ್ಲು ಮನಸ್ಸು ಮಾಡಿದ್ದರೆ ಅಲ್ಲೇ ನನ್ನ ವೈದ್ಯನ ಕಥೆ ಮುಗಿಸಬಹುದಿತ್ತು. ಅವನು ಸುಮ್ಮನೆ ಕೇಳಿದ:

“ಮಾಸ್ತರ, ನಿಮ್ಮ ಮನಸಿನ್ಯಾಗ ಏನಿತ್ರಿ?”

“ಚಹಾ.”

“ಹಂಗಾರ ಚಹಾನ ಖರೆ,” ಅಂದು ಕಥೆ ಮುಂದುವರಿಸಿದ.

ಅವನ ವೀರ ಸತ್ತಾಗ ನಾನು ಕೇಳಬೇಕಿದ್ದ, ಕೇಳದೇ ಹೋದ ಪ್ರಶ್ನೆ ಅದೇ. ನಾಲ್ಕು ಮಣೂಕ ಬಾಯಿಗೆ ಹಾಕಿಕೊಂಡೆ. “ನಿನ್ನ ವೀರ ಗುಹೆಯೊಳಗ ಹೋಗೇ ಇಲ್ಲ ಬಿಡಪಾ” ಅಂದೆ. “ನನಗ ಗೊತ್ತೈತ್ರಿ,” ಅಂದ ಮಲ್ಲು, “ಹೊರಗ ನಿಮ್ಮೆಲ್ಲಾರ ಚಪ್ಪಲಿ ಕಾಯಾಕತ್ತಿದ್ದ.”

ಈಗ ತಕರಾರು ಬಂದರೆ ಮೊದಲು ಆ ಪ್ರಶ್ನೆ, ಆಮೇಲೆ ಪುಸ್ತಕ. ರಿಯಾಜನ ಮನಸ್ಸಿನಲ್ಲಿ ಪ್ರತಿಸಲವೂ ಅವನಿಗೆ ಲಾಭವಾಗುವುದೇ ಇರುತ್ತದೆ, ಆದರೂ ಮೇಜು ತುಂಬಿರುತ್ತದೆ. ಖುರ್ಚಿಯನ್ನು ಮಾತ್ರ ಮಲ್ಲು ಬಿಟ್ಟುಕೊಟ್ಟಿಲ್ಲ. ಅದನ್ನು ಮಾಸ್ತರರಿಗೆ ವಾಪಸ್ ಕೊಡು ಎಂದು ಯಾರೂ ಅನ್ನುತ್ತಿಲ್ಲ, ನಾನೂ ಸೇರಿ.