ಬೂತಪ್ಪನವರ ಕಠ್ಮಂಡು ಪ್ರವಾಸ ಹಾಗೂ ಮುಂಗಡ ಹಿಮಪಾತ

ಮುತ್ತಿನಕೊಪ್ಪದ ವಿಶ್ರಾಂತ ನೌಕರರ ಬಳಗದ ಸದಸ್ಯರಾದ ಶ್ರೀ ಬೂತಪ್ಪನವರು ಕಠ್ಮಂಡು ಮಹಾನಗರದಲ್ಲಿ ಸುರಿಯುವ ಹಿಮದ ನಡುವೆ ಕೊಡೆ ಹಿಡಿದು ನಿಂತು, ಪರ್ವತರಾಜನನ್ನು ಕಂಡು ಆನಂದಬಾಷ್ಪ ಸುರಿಸಿದರು ಎಂಬುದು ದಾಖಲಾದ ಸಂಗತಿ. ದಾಖಲಾದ ದಿನ ಅವರು ಮನೆಯ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು ಎಂಬುದೂ ನಿಜವೇ. ಆದರೆ ಅದನ್ನು ಯಾರೂ ದಾಖಲು ಮಾಡಿಲ್ಲ.

೨೦೦೪ನೇ ಇಸವಿ, ದೀಪಾವಳಿಗೆ ಮುಂಚಿನ ಮಾತು. ಬೂತಪ್ಪನವರು ಸರ್ವೀಸು ಪೂರ್ತಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಕೊಪ್ಪಕ್ಕೆ ಹೋಗುವವರನ್ನು ಕೊಪ್ಪದ ಬಸ್ಸಿಗೆ, ಶೃಂಗೇರಿಯವರನ್ನು ಶೃಂಗೇರಿ ಬಸ್ಸಿಗೆ ಹತ್ತಿಸಿ, ಬಸ್ಸಿನ ಪಕ್ಕೆಗೆ ಎರಡು ಪೆಟ್ಟು ಕೊಟ್ಟು "ರೈಟ್, ರೈಟ್!" ಅಂದರೆ ಅವರ ಕೆಲಸ ಮುಗಿಯಿತು. ಬಸ್ಸು ಹೋಗುತ್ತಿತ್ತು, ಇವರು ಧೂಳಿನಲ್ಲಿ ನಿಂತಿರುತ್ತಿದ್ದರು. ಊರವರನ್ನೆಲ್ಲ ಊರೂರಿಗೆ ಕಳಿಸಿದ ಈ ಪುಣ್ಯಾತ್ಮರು ತಾವು ಶಿವಮೊಗ್ಗ ದಾಟಿದವರಲ್ಲ.

ನಿವೃತ್ತಿಯಾದ ಮೇಲೆ ಅವರಿಗೆ ಹುಟ್ಟಿದ್ದು ಒಂದೇ ಒಂದು ಆಸೆ. ಅದನ್ನು ಹೆಂಡತಿ ಸಣ್ಣಕ್ಕನ ಮುಂದೆ ಮಾತ್ರ ಹೇಳಿಕೊಂಡಿದ್ದರು.

"ದೊಡ್ಡ ಊರೊಂದು ನೋಡ್ಬೇಕು ಮಾರಾಯ್ತಿ. ಅಲ್ಲಿ ಎಂತ ಇದೆ ಅಂತ ನಂಗೆ ಯಾರೂ ಮುಂಚೆ ಹೇಳಿರ್ಬಾರ್ದು. ನಾನೇ ಹೋಗಿ, ನಾನೇ ನೋಡಿ, ಬಂದು ನಾನೇ ಹೇಳ್ಬೇಕು."

"ಹೋಗ್ ಬನ್ನಿ," ಅಂದರು ಸಣ್ಣಕ್ಕ. "ನಂಗಂತೂ ಬಸ್ ಹತ್ತಿದ್ರೆ ವಾಂತಿ. ಆದ್ರೆ ನೋಡಿದ್ದನ್ನ ನೋಡ್ದಂಗೇ ನಂಗೆ ಹೇಳ್ಬೇಕು. ಒಂದು ಸೇರಿಸಕೂಡದು, ಒಂದು ಬಿಡಕೂಡದು."

ಶಿವಮೊಗ್ಗದ ಟೂರಿನವರು ಕಠ್ಮಂಡು ಅಂತ ಬೋರ್ಡು ಹಾಕಿದ್ದರು. ಪಾಸ್‌ಪೋರ್ಟು ಬೇಡ, ವೋಟರ್ ಕಾರ್ಡು ಸಾಕು, ಆದರೂ ಅದು ಫಾರಿನ್ನು. ರೈಲಿನಲ್ಲಿ ಹೋಗಿ, ಬಸ್ಸಿನಲ್ಲಿ ಗಡಿ ದಾಟಿ, ಊರು ನೋಡಲು ಎರಡು ದಿನ. ಬೂತಪ್ಪನವರು ಯಾರಿಗೂ ಹೇಳದೆ ಹೆಸರು ಬರೆಸಿ ಬಂದರು. ಮಾರನೇ ಬೆಳಿಗ್ಗೆ ಹೋಟೆಲಿನಲ್ಲಿ ಕಾಫಿ ಕುಡಿಯುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

ಬಳಗದ ಅಧ್ಯಕ್ಷರಾದ ಶಾಂತವೀರಪ್ಪನವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಅವರು ಕೂಡಲೇ ತುರ್ತು ಸಭೆ ಕರೆದು, ಬಳಗದ ಸದಸ್ಯರೊಬ್ಬರು ವಿದೇಶ ಪ್ರಯಾಣ ಮಾಡುತ್ತಿರುವುದನ್ನು ಬಳಗದ ಸಾಧನೆ ಎಂದು ಘೋಷಿಸಿದರು. ನವೆಂಬರ್ ಕೊನೆಯ ರಾಜ್ಯೋತ್ಸವದಲ್ಲಿ ಬೂತಪ್ಪನವರಿಗೆ ಸನ್ಮಾನ, ಜೊತೆಗೆ ಅವರ ಪ್ರವಾಸಾನುಭವದ ಪುಸ್ತಕ ಬಿಡುಗಡೆ ಅಂತ ತೀರ್ಮಾನವಾಯಿತು.

ಇಲ್ಲೊಂದು ಸಣ್ಣ ತೊಡಕು ಬಂತು. ತುಳಸಿ ಹಬ್ಬ ಕಳೆದರೆ ಮದುವೆ ಕಾಗದದ ಗಲಾಟೆ, ಮ್ಯಾಟರ್ ದೀಪಾವಳಿ ಒಳಗೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಸಂಕ್ರಾಂತಿಗೇ ಅಂದರು ಪ್ರೆಸ್ಸಿನವರು. ಬೂತಪ್ಪನವರು ಹೊರಡುವುದೇ ದೀಪಾವಳಿ ಕಳೆದು. ಬೇರೆ ಯಾರಾದರೂ ಆಗಿದ್ದರೆ ಕೈ ಚೆಲ್ಲುತ್ತಿದ್ದರು. ಶಾಂತವೀರಪ್ಪನವರು ಕನ್ನಡಕ ಒರೆಸಿಕೊಂಡರು ಅಷ್ಟೇ.

"ವರದಿ ಮೊದಲು, ಪ್ರವಾಸ ಆಮೇಲೆ," ಅಂದರು. "ನನ್ನ ಸರ್ವೀಸಿನಲ್ಲಿ ಕೆರೆ ನೋಡಿ ಕೆರೆಯ ವರದಿ ಬರೆದವನಲ್ಲ ನಾನು. ನೋಡಿ ಬರೆದರೆ ಗೊಂದಲ ಆಗುತ್ತೆ. ಒಂದು ಸಲ ನೋಡಿ ಬರೆದಿದ್ದೆ, ಅಲ್ಲಿ ಕೆರೆಯೇ ಇರಲಿಲ್ಲ. ಎಷ್ಟು ಜನಕ್ಕೆ ತೊಂದರೆ ಆಯ್ತು ಗೊತ್ತಾ?"

ಬಳಗದ ನಿಯಮಾವಳಿಗೆ ಆಗಲೇ ಒಂದು ಉಪನಿಯಮ ಸೇರಿತು: "ಸದಸ್ಯರು ಪ್ರವಾಸದಲ್ಲಿ ನೋಡತಕ್ಕದ್ದನ್ನು ಮುಂಚಿತವಾಗಿಯೇ ನೋಡಿರತಕ್ಕದ್ದು. ತದನಂತರ ಸ್ಥಳಕ್ಕೆ ತೆರಳಿ ಸದರಿ ವರದಿಯನ್ವಯ ನಡೆದುಕೊಳ್ಳತಕ್ಕದ್ದು."

ಬರೆಯುವ ಹೊಣೆ ನಿವೃತ್ತ ಕನ್ನಡ ಪಂಡಿತರಾದ ಗಂಗಾಧರ್ ಮೇಷ್ಟ್ರ ಹೆಗಲಿಗೆ ಬಿತ್ತು. ಮೇಷ್ಟ್ರು ಕಠ್ಮಂಡು ಕಂಡವರಲ್ಲ. ಹಾಗಾಗಿ ಅವರ ಲೇಖನಿಗೆ ಯಾವ ಅಡೆತಡೆಯೂ ಇರಲಿಲ್ಲ. ಬರೆದದ್ದನ್ನು ಬೂತಪ್ಪನವರಿಗೇ ಓದಿ ಹೇಳಿದರು. ಬಿಸಿಲಿಗೆ ಹೊಳೆಯುವ ಅರಮನೆಯ ಚೌಕ, ಪಾರಿವಾಳ, ಪಶುಪತಿನಾಥನ ಸನ್ನಿಧಿ, ಅಲ್ಲಿ ಬೂತಪ್ಪನವರ ಮನಸ್ಸಿನಲ್ಲಿ ಎದ್ದ ಭಾವನೆಗಳು, ಎಲ್ಲ ಅದರಲ್ಲಿತ್ತು.

"ಭಾವನೆ ನನ್ನದಲ್ವ ಮೇಷ್ಟ್ರೇ?" ಅಂದರು ಬೂತಪ್ಪ, ಹೆದರಿ ಹೆದರಿ.

"ನಿನ್ನದೇ ಮಾರಾಯ. ಅದಕ್ಕೇ ನಿನ್ನ ಹೆಸರು ಹಾಕಿದ್ದು."

ಪುಸ್ತಕಕ್ಕೆ ಜಾಹೀರಾತು ಬೇಕಲ್ಲ. ನರಸಿಂಹರಾಜಪುರದಲ್ಲಿ ಕೊಡೆ, ರೇನ್‌ಕೋಟು ಮಾರುವ ಯಶವಂತ ಹಿಂಬದಿಯ ರಕ್ಷಾಪುಟ ಪೂರ್ತಿ ಹಿಡಿದ. ಮಳೆಗಾಲ ಮುಗಿದು ಅವನ ಅಂಗಡಿಯಲ್ಲಿ ಕೊಡೆಯ ರಾಶಿ ಹಾಗೇ ಬಿದ್ದಿತ್ತು. ಅವನದ್ದು ಒಂದೇ ಷರತ್ತು, ಬೂತಪ್ಪನವರು ಕಠ್ಮಂಡುವಿನಲ್ಲಿ ತನ್ನ ಅಂಗಡಿಯ ಕೊಡೆಯನ್ನೇ ಹಿಡಿದಿರಬೇಕು. ಬಿಸಿಲಿನಲ್ಲಿ ಕೊಡೆ ಹಿಡಿದರೆ ಓದುಗರು ನಗುತ್ತಾರೆ ಅಂದರು ಮೇಷ್ಟ್ರು. ಕಾರ್ಯಕಾರಿ ಸಮಿತಿ ಸುದೀರ್ಘವಾಗಿ ಚರ್ಚಿಸಿ ಕಠ್ಮಂಡುವಿನಲ್ಲಿ ಹಿಮ ಸುರಿಸುವುದೆಂದು ಸರ್ವಾನುಮತದಿಂದ ನಿರ್ಣಯಿಸಿತು. ಬಿಸಿಲನ್ನು ಪ್ರೂಫ್‌ನಲ್ಲೇ ಹೊಡೆದು ಹಾಕಲಾಯಿತು.

ಹೀಗೆ ಬೂತಪ್ಪನವರು ಹೊರಡುವ ಹೊತ್ತಿಗೆ ಅವರ ಪ್ರವಾಸ ಮುಗಿದು, ಹೊಲಿಗೆ ಬಿದ್ದು, ಐನೂರು ಪ್ರತಿಗಳಾಗಿ ಬಳಗದ ಕೋಣೆಯಲ್ಲಿ ಕೂತಿತ್ತು. ಒಂದನ್ನು ಸಣ್ಣಕ್ಕನಿಗೆ ಕೊಟ್ಟು, ಇನ್ನೊಂದನ್ನು ಬೂತಪ್ಪನವರ ಚೀಲಕ್ಕೆ ಹಾಕಿದರು. ಕೈಗೆ ಕೊಡೆ ಕೊಟ್ಟರು. ದಿನಾ ಸಂಜೆ ಬೂತಿನಿಂದ ಅಧ್ಯಕ್ಷರಿಗೆ ಫೋನು ಮಾಡಿ, ಊರಿಗೂ ಪುಸ್ತಕಕ್ಕೂ ತಾಳೆ ಇದೆ ಅಂತ ತಿಳಿಸಬೇಕೆಂದು ಆದೇಶವಾಯಿತು.

ಕಠ್ಮಂಡುವಿನ ಮೊದಲ ದಿನ. ಎಂಥಾ ಬಿಸಿಲು! ಆಕಾಶದಲ್ಲಿ ಚೂರು ಮೋಡ ಇಲ್ಲ. ಬೂತಪ್ಪನವರಿಗೆ ಊರು ಕಂಡು ಖುಷಿಯಾಗಬೇಕೋ, ಹಿಮ ಕಾಣದೆ ದುಃಖ ಆಗಬೇಕೋ ತಿಳಿಯಲಿಲ್ಲ. ಒಂದು ಕಣ್ಣು ಅರಮನೆಯ ಮೇಲೆ, ಇನ್ನೊಂದು ಕಣ್ಣು ಪುಸ್ತಕದ ಮೇಲೆ ಇಟ್ಟುಕೊಂಡು ನಡೆದರು. ಮರದ ಕಿಟಕಿಯ ಕೆತ್ತನೆ ಸೊಗಸಾಗಿತ್ತು. ಪುಟ ತಿರುವಿದರೆ ಅದು ಇರಲಿಲ್ಲ. ಸರಿ, ನೋಡುವ ಹಾಗಿಲ್ಲವೇನೋ ಅಂತ ಮುಂದೆ ಹೋದರು.

ಚೌಕದಲ್ಲಿ ಕಾಲಭೈರವನ ದೊಡ್ಡ ಮೂರ್ತಿ ಇತ್ತು. ಟೂರಿನ ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿ ಕನ್ನಡದಲ್ಲಿ ವಿವರಿಸಿದ. "ಈ ದೇವರ ಮುಂದೆ ಸುಳ್ಳು ಹೇಳಿದ್ರೆ ರಕ್ತ ಕಾರಿ ಸಾಯ್ತಾರೆ ಅಂತ ಇಲ್ಲಿಯೋರ ನಂಬಿಕೆ. ಹಿಂದೆ ಸರ್ಕಾರಿ ನೌಕರರನ್ನ ಇಲ್ಲೇ ತಂದು ಆಣೆ ಮಾಡಿಸ್ತಿದ್ರಂತೆ."

ಬೂತಪ್ಪನವರು ಪುಸ್ತಕದ ಚೀಲವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದರು. "ತಂದೇ, ಬರೆದೋನು ನಾನಲ್ಲ, ಗಂಗಾಧರ್ ಮೇಷ್ಟ್ರು," ಅಂತ ಕೈ ಮುಗಿದು, ಪಿನ್ ಕೋಡ್ ಸಮೇತ ವಿಳಾಸ ಹೇಳಿ ಅಲ್ಲಿಂದ ಕಾಲು ಕಿತ್ತರು.

ಸಂಜೆ ಫೋನು ಮಾಡಿದರು. "ಸಾರ್, ಹಿಮ ಇಲ್ಲ. ಬಿಸಿಲು."

"ಪ್ರಿಂಟ್ ಆಗಿದೆಯಲ್ಲ ಬೂತಪ್ಪ," ಅಂದರು ಶಾಂತವೀರಪ್ಪ, ತಾಳ್ಮೆಯಿಂದಲೇ.

"ನಾನೆಂತ ಮಾಡ್ಲಿ ಸಾರ್?"

"ಕಾಯಿ. ನಾಳೆ ಒಂದು ದಿನ ಇದೆ. ಬೀಳದಿದ್ರೆ ಕೊಡೆ ಬಿಚ್ಚಿ ಒಂದು ಫೋಟೋ ತೆಗೆಸು. ಹಿಮ ಅಂದ್ರೆ ಎಂತದು, ಬಿಳಿ ಅಲ್ವ? ಕೊಡೆ ಮೇಲೆ ಬಿಳಿ ಬಂದ್ರೆ ಸಾಕು."

ಮಾರನೇ ಬೆಳಿಗ್ಗೆ ಬೂತಪ್ಪನವರು ಚೌಕದ ನಡುವೆ ಕರಿ ಕೊಡೆ ಬಿಚ್ಚಿ ನಿಂತರು. ಪಾರಿವಾಳಗಳು ಗುಂಪುಗುಂಪಾಗಿ ತಲೆಯ ಮೇಲೆ ಹಾರಾಡುತ್ತಿದ್ದವು. ಬಳಗದ ಅಪೇಕ್ಷೆಯನ್ನು ಅವು ಸ್ವಲ್ಪ ಹೊತ್ತಿನಲ್ಲೇ, ಯಾವ ಅರ್ಜಿಯನ್ನೂ ಕೇಳದೆ, ಧಾರಾಳವಾಗಿ ನೆರವೇರಿಸಿಕೊಟ್ಟವು. ಮ್ಯಾನೇಜರು ಫೋಟೋ ಹೊಡೆದ.

ಮಧ್ಯಾಹ್ನ ಉಳಿದವರು ಮಣಿಸರ ಕೊಳ್ಳಲು ಹೋದರು. ಬೂತಪ್ಪನವರು ಪುಸ್ತಕವನ್ನು ಲಾಡ್ಜಿನ ಹಾಸಿಗೆಯ ಕೆಳಗೆ ತುರುಕಿ, ಕೊಡೆ ಮಾತ್ರ ಹಿಡಿದು ಒಬ್ಬರೇ ಹೊರಟರು. ಕಾಲು ಎಲ್ಲಿಗೆ ಒಯ್ದಿತು ಅಂತೀರಿ? ಸೀದಾ ಬಸ್ ಸ್ಟ್ಯಾಂಡಿಗೆ. ಬಾಗಿಲಿಗೆ ಜೋತುಬಿದ್ದ ಕಂಡಕ್ಟರುಗಳು ಊರ ಹೆಸರು ಕೂಗುತ್ತಿದ್ದರು. ಒಂದು ಹೆಸರೂ ಬೂತಪ್ಪನವರಿಗೆ ಗೊತ್ತಿರಲಿಲ್ಲ, ಒಂದು ಕೂಗೂ ಅರ್ಥವಾಗದೆ ಇರಲಿಲ್ಲ.

ಒಂದು ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರು ಚಹಾದಂಗಡಿಯಲ್ಲಿ ಗ್ಲಾಸು ಹಿಡಿದು ಮಾತಿಗೆ ನಿಂತಿದ್ದ. ಡ್ರೈವರು ಕನ್ನಡಿಯಲ್ಲಿ ನೋಡಿದ, ಹಾರ್ನು ಹೊಡೆದ, ಮತ್ತೆ ನೋಡಿದ. ಹಿಂದೆ ಖಾಲಿ, ಮುಂದೆ ದಾರಿ ಸಾಫು, ಒಳಗೆ ಮಗುವೊಂದರ ರಂಪ. ಬೂತಪ್ಪನವರು ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. ತಡೆಯುವಷ್ಟು ತಡೆದರು. ಕೊನೆಗೆ ತಡೆಯಲಾಗಲಿಲ್ಲ. ಹೋಗಿ ಬಸ್ಸಿನ ಪಕ್ಕೆಗೆ ಎರಡು ಪೆಟ್ಟು ಕೊಟ್ಟು ಕೂಗಿಯೇಬಿಟ್ಟರು, "ರೈಟ್, ರೈಟ್!"

ಬಸ್ಸು ಹೊರಟಿತು! ಕಂಡಕ್ಟರು ಗ್ಲಾಸು ಬಿಟ್ಟು ಓಡಿ ಬಂದು, ಹಾರಿ ಬಾಗಿಲು ಹಿಡಿದ. ಬೈಯುತ್ತಾನೆ ಅಂತ ಬೂತಪ್ಪನವರು ಹಿಂದೆ ಸರಿದರು. ಅವನು ಇವರ ಮುಖ ನೋಡಿದ, ಏನು ತಿಳಿಯಿತೋ, ಹಲ್ಲು ಕಿರಿದು ಹಣೆಗೆ ಕೈ ಹಚ್ಚಿ ಸಲಾಮು ಹೊಡೆದ. ಪರದೇಶದ ರಾಜಧಾನಿಯಲ್ಲಿ, ಭಾಷೆ ಗೊತ್ತಿಲ್ಲದ ಊರಿನಲ್ಲಿ, ತನ್ನ ಒಂದು ಮಾತಿಗೆ ಬಸ್ಸು ಹೊರಟಿತಲ್ಲ ಅಂತ ಬೂತಪ್ಪನವರ ಕಣ್ಣಲ್ಲಿ ದಳದಳ ನೀರು ಬಂತು. ಈ ಸುದ್ದಿ ಸಣ್ಣಕ್ಕನಿಗೆ ಯಾವಾಗ ಹೇಳುತ್ತೇನೋ ಅಂತ ಜೀವ ಚಡಪಡಿಸಿತು.

ಸಂಜೆ ಫೋನಿನಲ್ಲಿ ಅಧ್ಯಕ್ಷರು ಕೇಳಿದರು. "ಪರ್ವತ ಕಂಡು ಅತ್ತೆಯಾ? ಹನ್ನೊಂದನೇ ಪುಟದಲ್ಲಿದೆ."

"ಅತ್ತೆ ಸಾರ್. ಆದ್ರೆ ಪರ್ವತ ಕಂಡಲ್ಲ. ಬಸ್ ಸ್ಟ್ಯಾಂಡಲ್ಲಿ. ಒಂದು ಬಸ್ಸು..."

"ಕಣ್ಣೀರು ಬಂತಲ್ಲ, ಅದು ಮುಖ್ಯ," ಅಂದರು ಶಾಂತವೀರಪ್ಪ. "ಯಾಕೆ ಬಂತು ಅನ್ನೋದನ್ನ ಬಳಗದ ಮಟ್ಟದಲ್ಲಿ ತೀರ್ಮಾನ ಮಾಡ್ತೀವಿ."

ಊರಿಗೆ ಮರಳಿದ ಬೂತಪ್ಪನವರನ್ನು ಬಸ್ಸು ಇಳಿಯುತ್ತಲೇ ಸಮುದಾಯ ಭವನಕ್ಕೆ ಕರೆದೊಯ್ದರು. ಮುಖ್ಯ ಅತಿಥಿಗಳಿಗೆ ಆ ಸಂಜೆ ಮಾತ್ರ ಬಿಡುವಿತ್ತು. ಶಾಲು, ಹಾರ, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಎರಡು ಮಾತಾಡಿ ಅಂತ ಮೈಕು ಕೊಟ್ಟರು. ಕಾಲಭೈರವನ ನೆನಪು ಇನ್ನೂ ಹಸಿಯಾಗಿತ್ತು. ಬೂತಪ್ಪನವರು ಧೈರ್ಯ ಮಾಡಿದರು.

"ಅಲ್ಲಿ ಹಿಮ ಇರ್ಲಿಲ್ಲ. ಒಳ್ಳೆ ಬಿಸಿಲು. ಪರ್ವತದ ಮುಂದೆ ನಾನು ಅಳ್ಲಿಲ್ಲ. ನಾನು ಅಲ್ಲಿ ಒಂದು ಬಸ್ಸು ಬಿಟ್ಟೆ..."

ಶಾಂತವೀರಪ್ಪನವರು ನಗುನಗುತ್ತಲೇ ಎದ್ದು ಮೈಕು ತೆಗೆದುಕೊಂಡರು. "ಮಹನೀಯರೇ, ಇದಕ್ಕೆ ವಿನಯ ಅಂತ ಕರೀತಾರೆ. ದೊಡ್ಡವರು ಕಂಡದ್ದನ್ನ ಕಂಡೆ ಅನ್ನಲ್ಲ, ಅತ್ತದ್ದನ್ನ ಅತ್ತೆ ಅನ್ನಲ್ಲ!"

ಅಬ್ಬಾ, ಆ ಚಪ್ಪಾಳೆ! ಮುಖ್ಯ ಅತಿಥಿಗಳು ಬೂತಪ್ಪನವರನ್ನು ತಬ್ಬಿಕೊಂಡು, ಮೈ ಇನ್ನೂ ತಣ್ಣಗಿದೆ ಅಂತ ಉದ್ಗಾರ ತೆಗೆದರು. ರೈಲಿನ ಗಾಳಿಗೆ ಹಿಡಿದಿದ್ದ ನೆಗಡಿಯಿಂದ ಬೂತಪ್ಪನವರು ಒಂದು ಸೀನು ಸೀನಿದರು. ಇದ್ದಬದ್ದ ಅನುಮಾನವೂ ಅದರಲ್ಲಿ ಹೋಯಿತು.

ಯಶವಂತ ಆ ಕೊಡೆಯನ್ನು ತೊಳೆಯಗೊಡದೆ ಒಯ್ದು, "ಹಿಮ ಕಂಡ ಕೊಡೆ" ಎಂದು ಬರೆದು ಗಾಜಿನೊಳಗೆ ನೇತುಹಾಕಿದ. ಮೇಗುಂದ, ಹಿರೇಕೊಡಿಗೆಯ ಕಡೆಯಿಂದೆಲ್ಲ ಜನ ಬಂದು ನೋಡಿ, ಹಿಮ ಇಷ್ಟು ದಿನ ಕರಗದೆ ಇರುತ್ತದಲ್ಲ ಅಂತ ಬೆರಗಾಗಿ, ತಲೆಗೊಂದು ಕೊಡೆ ಕೊಂಡು ಹೋದರು.

ಬಸ್ಸಿನ ವಿಷಯ ಸನ್ಮಾನದ ರಾತ್ರಿಯೇ ಕಾರ್ಯಕಾರಿ ಸಮಿತಿಯ ಮುಂದೆ ಬಂದಾಗ ಹೀಗೆ ನಿರ್ಣಯವಾಯಿತು: "ಸದಸ್ಯರಾದ ಶ್ರೀ ಬೂತಪ್ಪನವರು ಸದರಿ ಬಸ್ಸನ್ನು ತಮ್ಮ ಖಾಸಗಿ ನೆಲೆಯಲ್ಲಿ ಬಿಟ್ಟಿರುವುದಕ್ಕೆ ಬಳಗದ ಅಭ್ಯಂತರವಿಲ್ಲ. ಆದರೆ ಅದನ್ನು ಯಾರಿಗೂ ಹೇಳತಕ್ಕದ್ದಲ್ಲ."

ಹೆಂಡತಿ ಆ 'ಯಾರಿಗೂ' ಒಳಗೆ ಬರುವುದಿಲ್ಲವಲ್ಲ! ಬೂತಪ್ಪನವರು ಮನೆಗೆ ಬಂದವರೇ ಸಣ್ಣಕ್ಕನನ್ನು ಜಗಲಿಯಲ್ಲಿ ಕೂರಿಸಿ ಹೇಳತೊಡಗಿದರು. ಕಿಟಕಿಯ ಕೆತ್ತನೆ, ಚಹಾದ ಗ್ಲಾಸು, ಮಗುವಿನ ರಂಪ, ಎರಡು ಪೆಟ್ಟು, ಸಲಾಮು. ಒಂದು ಸೇರಿಸಲಿಲ್ಲ, ಒಂದು ಬಿಡಲಿಲ್ಲ.

ಸಣ್ಣಕ್ಕ ಪೂರ್ತಿ ಕೇಳಿದರು. "ಫಾರಿನ್ ಬಸ್ಸು ನಿಮ್ಮ ಮಾತು ಕೇಳ್ತಂತಾ?" ಅಂತ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. "ತಮಾಷೆ ಸಾಕು ಮಾರಾಯ್ರೆ. ಹಿಮದ್ದು ಹೇಳಿ. ಅಕ್ಕಪಕ್ಕದೋರಿಗೆಲ್ಲ ಓದಿ ಓದಿ ನಂಗೆ ಪುಸ್ತಕ ಬಾಯಿಪಾಠ ಬಂದಿದೆ. ಆದ್ರೂ ನಿಮ್ಮ ಬಾಯಲ್ಲಿ ಕೇಳ್ಬೇಕು."

ಪುಸ್ತಕ ಅವರ ಮಡಿಲಲ್ಲೇ ಇತ್ತು. ಹನ್ನೊಂದನೇ ಪುಟದ ಮೂಲೆ ಮಡಚಿತ್ತು. ಬೂತಪ್ಪನವರು ಹೆಂಡತಿಯ ಮುಖ ನೋಡಿದರು. ಇಷ್ಟು ವರ್ಷದಲ್ಲಿ ಸಣ್ಣಕ್ಕ ತಮ್ಮ ಬಾಯಿಯನ್ನು ಇಷ್ಟು ಆಸೆಯಿಂದ ನೋಡಿದ್ದು ಅವರಿಗೆ ನೆನಪಿರಲಿಲ್ಲ.

"ಹತ್ತಿ ಉದುರಿದಂಗೆ ಬೀಳ್ತಿತ್ತು ಮಾರಾಯ್ತಿ," ಅಂದರು ಬೂತಪ್ಪ. "ಸದ್ದೇ ಇಲ್ಲ. ಕೊಡೆ ಇಲ್ದಿದ್ರೆ ಕಥೆ ಮುಗೀತಿತ್ತು."

"ಉಸ್ಸಪ್ಪಾ, ಎಂಥಾ ಚಳಿ!" ಅಂತ ಸಣ್ಣಕ್ಕ ನಡುಗಿ ಸೆರಗು ಹೊದ್ದುಕೊಂಡರು. ಆಮೇಲೆ ಒಳಗೆ ಹೋಗಿ, ಸನ್ಮಾನದ ಶಾಲು ತಂದು ಗಂಡನಿಗೂ ಕಿವಿ ಮುಚ್ಚುವ ಹಾಗೆ ಹೊದಿಸಿದರು.