ಹತ್ತನೇ ಕ್ಲಾಸಿಗೆ ಫ್ರೀ ಬಸ್ಸಿನಲ್ಲಿ

ನಮ್ಮ ಬ್ಯಾಚಿನವರೆಲ್ಲ ಹತ್ತನೇ ಕ್ಲಾಸು ಮುಗಿಸಿ, ಮದುವೆ ಮುಗಿಸಿ, ಮಕ್ಕಳ ಮದುವೆಯನ್ನೂ ಮುಗಿಸಿ ಈಗ ಮಂಡಿನೋವಿಗೆ ಬಂದು ನಿಂತಿದ್ದೇವೆ. ಒಬ್ಬಳು ಮಾತ್ರ ಎಪ್ಪತ್ತೊಂದನೇ ವಯಸ್ಸಿನಲ್ಲೂ ಹತ್ತನೇ ಕ್ಲಾಸು ಓದುತ್ತಿದ್ದಾಳೆ. ಅದೂ ಬಸ್ಸಿನಲ್ಲಿ ಓಡಾಡಿಕೊಂಡು!

ನಂಬಿಕೆ ಬರುವುದಿಲ್ಲವೇ? ಸಿದ್ದಾಪುರದಿಂದ ಶಿರಸಿಗೆ ಬರುವ ಬೆಳಗಿನ ಬಸ್ಸಿನ ಕಂಡಕ್ಟರನ್ನು ಕೇಳಿ ನೋಡಿ. ಅವಳ ಹೆಸರನ್ನು ನಾನಂತೂ ಬರೆಯುವುದಿಲ್ಲ. ಬರೆದರೆ, ಬರೆದದ್ದರಲ್ಲಿ ತಪ್ಪು ತೋರಿಸಲು ಮರುದಿನದ ಬಸ್ಸಿಗೇ ನಮ್ಮ ಮನೆ ಮುಂದೆ ಇಳಿಯುತ್ತಾಳೆ. ಊರು ಕೋಲಸಿರ್ಸಿ ಎಂದಷ್ಟೇ ಹೇಳಿದರೆ ಸಾಕು.

ಹೆಂಗಸರಿಗೆ ಬಸ್ಸು ಫ್ರೀ ಆದದ್ದೇ ತಡ, ಸರ್ಕಾರ ತನಗೊಬ್ಬಳಿಗೇ ಆ ಸ್ಕೀಮು ಮಾಡಿದೆ ಎಂಬಂತೆ ಇವಳು ಹೊರಟುಬಿಟ್ಟಳು. ಸೋಮವಾರ ಶಿರಸಿಯಲ್ಲಿ ನಮ್ಮ ಮನೆ. ಬುಧವಾರ ದಾಸನಕೊಪ್ಪದ ಗಿರಿಜಾಳ ಮನೆ. ಶುಕ್ರವಾರ ಯಲ್ಲಾಪುರದ ಫಿಲೋಮಿನಾಳ ಮನೆ. ನಾವು ಮೂವರೂ ಅವಳ ಜೊತೆ ಕಾನ್ವೆಂಟಿನಲ್ಲಿ ಓದಿದವರು. ಬನವಾಸಿ ಕಡೆಯ ಕಂಡಕ್ಟರೊಬ್ಬ ಒಮ್ಮೆ ಆಧಾರ್ ಕಾರ್ಡು ನೋಡುತ್ತ ಕೇಳಿದನಂತೆ:

"ಅಜ್ಜಿ, ವಾರದಾಗ ಮೂರು ಸಲ ಎಲ್ಲಿಗೆ ಹೊಂಟಿರ್ತೀರಿ?"

"ಶಾಲೆಗೆ."

"ಎಷ್ಟನೇ ಕ್ಲಾಸರೀ?"

"ಹತ್ತು. ಇನ್ನೂ ಪಾಸಾಗ್ಲಿಲ್ಲ ನೋಡು."

ಅವನು ನಗದೆ ಝೀರೋ ಟಿಕೆಟ್ ಹರಿದು ಕೈಗೆ ಕೊಟ್ಟನಂತೆ. "ಈ ಸಲನಾದ್ರೂ ಚಲೋ ಓದ್ರಿ."

ಇವಳು ಹೇಳಿದ್ದು ತಮಾಷೆಯಲ್ಲ. ನಿಜ ಹೇಳಬೇಕೆಂದರೆ ಇವಳು ನಮ್ಮ ಜೊತೆ ಹತ್ತನೇ ಕ್ಲಾಸು ಓದಲೇ ಇಲ್ಲ. ಶಿರಸಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕಾನ್ವೆಂಟಿಗೆ ಬರುತ್ತಿದ್ದವಳು, ಒಂಬತ್ತನೇ ಕ್ಲಾಸಿನ ದಸರಾ ರಜೆಗೆ ಊರಿಗೆ ಹೋದಳು. ಅವಳ ಆಯಿಗೆ, ಅಂದರೆ ಅಮ್ಮನಿಗೆ, ಬಾಣಂತನ. ತೊಟ್ಟಿಲು ತೂಗುವುದಕ್ಕೆ ಒಂದು ಜನ ಬೇಕಿತ್ತು. ರಜೆ ಮುಗಿಯಿತು, ಇವಳು ಬರಲಿಲ್ಲ. ಟೀಚರು ಒಂದು ವಾರ ಅಟೆಂಡೆನ್ಸಿನಲ್ಲಿ ಹೆಸರು ಕೂಗಿದರು. ಎರಡನೇ ವಾರ ಕೂಗಲಿಲ್ಲ. ನಾವೂ ಕೇಳಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಯರು ಎಷ್ಟು ಬೇಗ ಒತ್ತಿಕೊಂಡು ಕೂತು ಬೆಂಚಿನ ಖಾಲಿ ಜಾಗ ತುಂಬಿಸಿಬಿಡುತ್ತಾರೆ!

ಆ ಒಂದೂವರೆ ವರ್ಷವನ್ನು ಇವಳೀಗ ನಮ್ಮಿಂದ ವಸೂಲಿ ಮಾಡುತ್ತಿದ್ದಾಳೆ.

ವಸೂಲಿಯ ಕ್ರಮ ಹೀಗೆ. ಬಂದವಳು ಸೋಫಾ ಮೇಲೆ ಕೂರುವುದಿಲ್ಲ, ಸೀದಾ ಅಡುಗೆಮನೆಗೆ. ನನ್ನ ಕೈಯಿಂದ ಚೂರಿ ಕಿತ್ತುಕೊಂಡು ಬೀನ್ಸು ಹೆಚ್ಚುತ್ತ ವೈವಾ ಶುರು ಮಾಡುತ್ತಾಳೆ. "ಹತ್ತನೇ ಕ್ಲಾಸಲ್ಲಿ ಸಿಸ್ಟರು ನಿಂಗೆ ಎಂತಕ್ಕೆ ಬೈದದ್ದು? ಗಿರಿಜಾ ಆಗ ಎಲ್ಲಿ ಕೂತಿತ್ತು? ಮಳೆ ಬರ್ತಿತ್ತ?" ನಾನು ಏನೋ ಒಂದು ಹೇಳುತ್ತೇನೆ. ಅದನ್ನು ಬುಧವಾರ ಗಿರಿಜಾಳ ಹತ್ತಿರ ತಾಳೆ ನೋಡುತ್ತಾಳೆ. ಶುಕ್ರವಾರ ಫಿಲೋಮಿನಾಳ ಹತ್ತಿರ ಕ್ರಾಸ್ ಎಗ್ಸಾಮಿನೇಷನ್. ಮುಂದಿನ ಸೋಮವಾರ ನನಗೆ ತೀರ್ಪು. "ಮಳೆ ಇರ್ಲಿಲ್ಲ. ನೀ ಸುಳ್ಳು ಹೇಳಿದ್ದೆ."

ಫೋನಿನಲ್ಲಿ ಕೇಳಬಾರದೇ ಎಂದರೆ ಮುಖ ಊದಿಸಿಕೊಳ್ಳುತ್ತಾಳೆ. "ಫೋನಲ್ಲೇ ಮುಗ್ದ್ರೆ ಮತ್ತೆ ನಾ ಎಂತಕ್ಕೆ ಬರೋದು?" ನಮಗೊಂದು ವಾಟ್ಸ್ಯಾಪ್ ಗ್ರೂಪ್ ಇದೆ, ಅದಕ್ಕೆ ಫಿಲೋಮಿನಾ ಅಡ್ಮಿನ್. ಬೆಳಿಗ್ಗೆ ಎಲ್ಲರೂ ಒಬ್ಬರಿಗೊಬ್ಬರು ಗುಲಾಬಿ ಹೂವು ಕಳಿಸುತ್ತೇವೆ, ರಾತ್ರಿ ಚಂದ್ರ. ಗಿರಿಜಾಳ ಮಂಡಿ ಆಪರೇಷನ್ ಆದದ್ದು ಆ ಗ್ರೂಪಿನಲ್ಲಿದ್ದ ಒಬ್ಬಳಿಗೂ ಗೊತ್ತಿರಲಿಲ್ಲ. ಕೀಪ್ಯಾಡ್ ಫೋನಿನ ಇವಳು ಬಂದು ಹೇಳಿದ ಮೇಲೆಯೇ ನಾವು ಹಣ್ಣು ಹಿಡಿದು ಓಡಿದ್ದು.

ಒಂದು ದಿನ ಮೊಮ್ಮಗಳ ಮುಂದೆ ಸ್ವಲ್ಪ ಜಂಭ ಕೊಚ್ಚಿಕೊಂಡೆ. ಹತ್ತನೇ ಕ್ಲಾಸಿನ ಆ್ಯನ್ಯುವಲ್ ಡೇ ನಾಟಕದಲ್ಲಿ ನಾನು ಕ್ವೀನ್ ಆಗಿದ್ದೆ, ಕಿರೀಟ ಇತ್ತು, ಉದ್ದದ ಡೈಲಾಗ್ ಇತ್ತು ಎಂದೆಲ್ಲ. ಒಳಗಿನಿಂದ ಬೀನ್ಸು ಹೆಚ್ಚುವ ಸದ್ದು ನಿಂತಿತು.

"ಕ್ವೀನ್ ಫಿಲೋಮಿನಾ. ನೀ ಬಾಗಿಲು ಕಾಯೋಳು. ಬರೇ ಒಂದು ಮಾತು ಇತ್ತು, ಅದನ್ನೂ ಮರ್ತಿದ್ದೆ."

"ನೀ ಅಲ್ಲಿ ಇದ್ಯೇನೇ ಮಾರಾಯ್ತಿ?" ಎಂದೆ ಸಿಟ್ಟಿನಿಂದ.

"ಇದ್ದೋರಿಗೇ ನೆನಪಿಲ್ಲ ಅಂದ್ಮೇಲೆ ಇಲ್ದೇ ಇದ್ದೋರೇ ನೆನಪಿಟ್ಕಬೇಕು."

ಮೊಮ್ಮಗಳು ಅಂದಿನಿಂದ ನನ್ನ ಯಾವ ಕಥೆಯನ್ನೂ ಈ ಅಜ್ಜಿಯ ಸಹಿ ಇಲ್ಲದೆ ನಂಬುವುದಿಲ್ಲ.

ಫಿಲೋಮಿನಾಳ ಗಂಡ ತೀರಿಕೊಂಡಾಗಲೂ ಅಷ್ಟೇ. ಬಂದವರೆಲ್ಲ ಅವರ ಗುಣಗಾನ ಮಾಡಿ, ಮೂಗು ಒರೆಸಿಕೊಂಡು, ಕಾಫಿ ಕುಡಿದು ಹೋದರು. ಇವಳು ಆ ತಿಂಗಳಲ್ಲಿ ಎಂಟು ಸಲ ಯಲ್ಲಾಪುರಕ್ಕೆ ಹೋದಳು. ಒಂದು ಸಲವೂ ಸತ್ತವರ ಮಾತೆತ್ತಲಿಲ್ಲ. ಪಕ್ಕದಲ್ಲಿ ಕೂತು, "ಆ ಜ್ಯಾಮಿಟ್ರಿ ಟೀಚರು ವಾಚು ಯಾವ ಕೈಗೆ ಕಟ್ತಿದ್ರೇ?" ಎಂದು ಕೇಳಿದಳಂತೆ. ಫಿಲೋಮಿನಾ ಬಹಳ ಹೊತ್ತು ಯೋಚಿಸಿ, ಬಲಗೈ ಎಂದು, ಆಮೇಲೆ ಎಡಗೈ ಎಂದು, ಕೊನೆಗೆ ನಕ್ಕುಬಿಟ್ಟಳಂತೆ. ಹದಿನಾರು ದಿನಗಳಲ್ಲಿ ಮೊದಲ ನಗು ಅದು.

ಅದೇ ಫಿಲೋಮಿನಾ ಈ ವರ್ಷ ರೀಯೂನಿಯನ್ ಎಂದಳು. ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವಳು. ಕೆಲಸವೆಂದರೆ ಕೆಲಸ, ಲಿಸ್ಟ್ ಎಂದರೆ ಲಿಸ್ಟ್. ಹತ್ತನೇ ಕ್ಲಾಸಿನ ಹಳೇ ರಿಜಿಸ್ಟರಿನಿಂದ ಹೆಸರು ತೆಗೆದು, ಪ್ರತಿಯೊಬ್ಬರಿಗೂ ಅಂದಿನ ರೋಲ್ ನಂಬರ್ ಹಾಕಿದ ಬ್ಯಾಡ್ಜ್ ಮಾಡಿಸಿದಳು. ಆ ರಿಜಿಸ್ಟರಿನಲ್ಲಿ ಇವಳ ಹೆಸರು ಎಲ್ಲಿಂದ ಬರಬೇಕು?

ನಾನು ಫೋನ್ ಮಾಡಿ ಮೆಲ್ಲಗೆ ವಿಷಯ ಎತ್ತಿದೆ.

"ಒಂಬತ್ತಕ್ಕೆ ಬಿಟ್ಟವರನ್ನೆಲ್ಲ ಸೇರಿಸ್ತಾ ಹೋದ್ರೆ ಎಲ್ಲಿ ನಿಲ್ಸೋದು, ಹೇಳು?" ಎಂದಳು ಫಿಲೋಮಿನಾ. "ರೂಲ್ಸ್ ಆರ್ ರೂಲ್ಸ್. ಗೆಸ್ಟ್ ಆಗಿ ಬರ್ಲಿ. ಊಟ ಉಂಟಲ್ಲ."

ವಾದಿಸಬೇಕಿತ್ತು. ವಾದಿಸಲಿಲ್ಲ. ಕಾನ್ವೆಂಟ್ ನನಗೆ ಚಮಚ ಹಿಡಿಯಲು ಕಲಿಸಿತು, ಥ್ಯಾಂಕ್ಯೂ ಹೇಳಲು ಕಲಿಸಿತು. ಜಗಳವಾಡುವುದನ್ನು ನಾನೇ ಕಲಿಯಬೇಕಿತ್ತು, ಕಲಿಯಲಿಲ್ಲ.

ಸೋಮವಾರ ಇವಳು ಬಂದಳು. ಆ ದಿನ ಬೀನ್ಸಿಗೂ ಕೈ ಹಾಕಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ. "ನಂದು ಎಷ್ಟ್ನೇ ನಂಬರು?"

"ಪ್ರಿಂಟಿಂಗ್ ನಡೀತಾ ಇದೆ," ಎಂದೆ. ಎಪ್ಪತ್ತೊಂದು ವರ್ಷದ ಹೆಂಗಸು, ಹೋಮ್‌ವರ್ಕ್ ಮಾಡದ ಹುಡುಗಿಯ ಹಾಗೆ ಗೋಡೆ ನೋಡುತ್ತ ಸುಳ್ಳು ಹೇಳಿದೆ. ಅವಳಿಗೆ ಗೊತ್ತಾಗಿರಲೇಬೇಕು. ನನ್ನ ಸುಳ್ಳುಗಳನ್ನು ಹಿಡಿಯುವುದೇ ಅವಳ ಉದ್ಯೋಗವಲ್ಲವೇ? ಆದರೆ ಅಂದು ಎಂದಿಗಿಂತ ಮುಂಚಿನ ಬಸ್ಸಿಗೇ ಹೋದಳು.

ರೀಯೂನಿಯನ್ ದಿನ ಎಲ್ಲರಿಗಿಂತ ಮೊದಲು ಬಂದು ಶಾಲೆಯ ಹಾಲಿನಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದಳು. ಹೊಸ ಇಳಕಲ್ ಸೀರೆ, ಹಣೆಗೆ ದೊಡ್ಡ ಕುಂಕುಮ. ಫಿಲೋಮಿನಾ ಮೈಕಿನಲ್ಲಿ, "ಬ್ಯಾಡ್ಜ್ ಇಲ್ಲದವರು ದಯವಿಟ್ಟು ಹಿಂದಿನ ಸಾಲಿಗೆ," ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ಜೊತೆಗೆ ಬಂದ ಗಂಡಂದಿರು ಮತ್ತು ಸೊಸೆಯಂದಿರು. ಎದ್ದದ್ದು ಇವಳು. ಸೆರಗು ಸರಿಮಾಡಿಕೊಂಡು ಹೋಗಿ, ತೂಕಡಿಸುತ್ತಿದ್ದ ಇಬ್ಬರು ಗಂಡಂದಿರ ನಡುವೆ ಕೂತಳು. ನನ್ನ ಎದೆಯ ಮೇಲೆ ಹನ್ನೊಂದನೇ ನಂಬರು ತೂಗುತ್ತಿತ್ತು. ನಾನು ಏಳಲಿಲ್ಲ.

ಆಮೇಲೆ ಪ್ರತಿಯೊಬ್ಬರೂ ಎರಡು ನಿಮಿಷ ನೆನಪು ಹೇಳಬೇಕೆಂದಾಯಿತು. ಏನೆಂದು ಬಣ್ಣಿಸಲಿ! ಎದ್ದವರೆಲ್ಲ ಮಾತಿನ ಅರ್ಧ ದಾರಿಯಲ್ಲಿ ನಿಂತರು. "ನಮ್ಮ ಕೆಮಿಸ್ಟ್ರಿ ಸರ್, ಅವರ ಹೆಸರು..." ಹಿಂದಿನಿಂದ ಹೆಸರು ಬರುತ್ತಿತ್ತು. "ಅವತ್ತು ಟೆಸ್ಟ್ ಟ್ಯೂಬ್ ಒಡೆದದ್ದು ಯಾರು..." ಯಾರೆಂದು ಹಿಂದಿನಿಂದ ಬರುತ್ತಿತ್ತು. ಬರಬರುತ್ತ ಎಲ್ಲರೂ ವೇದಿಕೆಗೆ ಬೆನ್ನು ಮಾಡಿ, ಹಿಂದಿನ ಸಾಲಿನ ಕಡೆ ನೋಡುತ್ತಲೇ ಮಾತಾಡತೊಡಗಿದರು.

ಕೊನೆಗೆ ಫಿಲೋಮಿನಾ ಎದ್ದಳು. "ನಾವು ಜೋಗಕ್ಕೆ ಎಕ್ಸ್‌ಕರ್ಶನ್ ಹೋದದ್ದು ನೆನಪುಂಟಾ? ನಂಗೆ ವಿಂಡೋ ಸೀಟು. ಸಿದ್ದಾಪುರ ಸ್ಟ್ಯಾಂಡಲ್ಲಿ ರೇಡಿಯೇಟರಿಗೆ ನೀರು ಹಾಕ್ಲಿಕ್ಕೆ ನಿಲ್ಸಿದ್ರು. ಸಿಸ್ಟರು ಯಾರೂ ಇಳೀಬಾರ್ದು ಅಂದ್ರು. ಆಮೇಲೆ..."

ಆಮೇಲಿನದು ಅವಳಿಗೆ ಹೊಳೆಯಲಿಲ್ಲ. ಎಲ್ಲರೂ ಹಿಂದೆ ತಿರುಗಿದೆವು.

"ಆಮೇಲಿಂದು ನಂಗೆ ಗೊತ್ತಿಲ್ಲೆ," ಎಂದಳು ಇವಳು. "ನಾ ಆಯಿ ಕೂಸಿನ್ನ ಸೊಂಟದ ಮೇಲೆ ಎತ್ಕಂಡು ಸ್ಟ್ಯಾಂಡಲ್ಲಿ ನಿಂತಿದ್ದೆ. ನೀವು ಬರ್ತ್ರಿ ಹೇಳಿ ಗೊತ್ತಾಗಿ ಬೆಳಿಗ್ಗಿಂದ ಕಾದಿದ್ದೆ. ನೀವೆಲ್ಲ ಕೈ ಬೀಸಿದ್ರಿ. ಬಸ್ಸು ಹೋತು."

ಆಮೇಲಿನದು ಅವಳಿಗೆ ಗೊತ್ತಿರಲಿಲ್ಲ ಎಂಬುದು ಸುಳ್ಳು. ಜೋಗದಲ್ಲಿ ನಾವು ತಿಂದ ಅವಲಕ್ಕಿಗೆ ಉಪ್ಪು ಕಡಿಮೆಯಾಗಿತ್ತು ಎಂಬಲ್ಲಿಯವರೆಗೆ ಅವಳು ಮೂರೂ ಮನೆಯಲ್ಲಿ ಕೇಳಿ ತಿಳಿದುಕೊಂಡಿದ್ದಳು. ಹೇಳಲಿಲ್ಲ, ಅಷ್ಟೇ. ಕೈ ಬೀಸಿದವರಲ್ಲಿ ನಾನೂ ಇದ್ದೆ.

ಫಿಲೋಮಿನಾ ಕನ್ನಡಕ ತೆಗೆದಳು. ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಮೈಕು ಬದಿಗಿಟ್ಟಳು.

"ಇಲ್ಲ," ಎಂದಳು. "ನೀ ಬಸ್ಸು ಹತ್ತಿದ್ದೆ. ನಾ ನಿಂಗೆ ವಿಂಡೋ ಸೀಟು ಬಿಟ್ಟು ಕೊಟ್ಟೆ. ಜೋಗ ಮುಟ್ಟುವ ತನಕ ಕೂಸು ನನ್ನ ತೊಡೆ ಮೇಲೆ ಇತ್ತು."

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದ ಹೆಂಗಸು. ಧ್ವನಿ ಒಂದಿಷ್ಟೂ ನಡುಗಲಿಲ್ಲ.

ಆಗ ಗಿರಿಜಾ ಕೋಲೂರಿಕೊಂಡು ಎದ್ದಳು. "ಹೌದಲ್ಲ ಮತ್ತ? ಆ ಕೂಸು ಜೋಗದಾಗ ನನ್ನ ಯೂನಿಫಾರ್ಮ್ ಲಂಗದ ಮ್ಯಾಲೆ ಉಚ್ಚಿ ಹೊಯ್ದಿತ್ತು. ನಾ ಮರೀತೀನೇನು?"

ಇವಳು ಅವರಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡಳು.

"ನಿನ್ನ ಲಂಗ ಅಲ್ಲ ಗಿರಿಜಾ," ಎಂದು ನನ್ನ ಕಡೆ ಬೆರಳು ತೋರಿಸಿದಳು. "ಇವಳದ್ದು."

ನಾನು ಎದ್ದು ನಿಂತೆ.

"ಹೌದು, ನನ್ನದೇ," ಎಂದೆ. "ವಾಪಸ್ ಶಿರಸಿ ಮುಟ್ಟಿದ್ರೂ ಒಣಗಿರ್ಲಿಲ್ಲ."