ಹಲಗೆಯ ತಳಕ್ಕೊಂದು ಮುಖ

ತನಗೆ ಏನೇನೂ ಸಂಬಂಧವಿಲ್ಲದ ಸುದ್ದಿಯೊಂದನ್ನು ದಿನವೂ ತಪ್ಪದೆ ಓದುವ ಚಟ ಪ್ರತಿ ಮನುಷ್ಯನಿಗೂ ಇರುತ್ತದೆ ಎಂದು ನನ್ನ ನಂಬಿಕೆ. ನಮ್ಮ ಮಾವನವರು ಹೊಲವನ್ನು ಬೇರೆಯವರಿಗೆ ಲಾವಣಿಗೆ ಕೊಟ್ಟು ಎಷ್ಟೋ ವರ್ಷಗಳಾದವು, ಆದರೂ ಹತ್ತಿಯ ಧಾರಣೆ ಓದದೆ ಊಟಕ್ಕೆ ಏಳುವುದಿಲ್ಲ. ನನ್ನ ಹೆಂಡತಿ ಗಿರಿಜಾ ಗುರುತು ಪರಿಚಯ ಇಲ್ಲದವರ ಶ್ರದ್ಧಾಂಜಲಿ ಜಾಹೀರಾತುಗಳನ್ನು ಒಂದೂ ಬಿಡದೆ ನೋಡಿ, 'ಪಾಪ, ಹೋಗೋ ವಯಸ್ಸಲ್ಲ' ಎಂದು ಒಲೆಯ ಕಡೆ ಹೊರಳುತ್ತಾಳೆ. ನನ್ನ ಚಟ ಇವರೆಲ್ಲರದಕ್ಕಿಂತ ವಿಚಿತ್ರವಾದದ್ದು, ಹೇಳಲು ಸ್ವಲ್ಪ ನಾಚಿಕೆಯೂ ಆಗುತ್ತದೆ. ಬೈಲಹೊಂಗಲದ ಮಾರ್ಕೆಟ್ ಹತ್ತಿರದ ನನ್ನ ಅಂಗಡಿಯಲ್ಲಿ ಕುಳಿತು ನಾನು ದಿನಾ ಮುಂಜಾನೆ ಬಾಡಿಬೋರ್ಡ್ ಉದ್ಯಮದ ಸುದ್ದಿ ಓದುತ್ತೇನೆ.

ಬಾಡಿಬೋರ್ಡ್ ಎಂದರೆ ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ಕಳೆದ ವರ್ಷದವರೆಗೆ ನನಗೂ ಗೊತ್ತಿರಲಿಲ್ಲ. ಎದೆಹೊಟ್ಟೆ ಊರಿ ಬೋರಲು ಮಲಗಿ ಸಮುದ್ರದ ಅಲೆಯ ಮೇಲೆ ಜಾರಿಕೊಂಡು ಬರುವ ಒಂದು ಗಿಡ್ಡ ಹಲಗೆ ಅದು. ಚಿಕ್ಕವರಿದ್ದಾಗ ನಾವು ಬಾವಿಯಲ್ಲಿ ಈಜು ಕಲಿಯಲು ನಡುವಿಗೆ ಬೆಂಡು ಕಟ್ಟಿಕೊಳ್ಳುತ್ತಿದ್ದೆವಲ್ಲ, ಅದರದೇ ಶ್ರೀಮಂತ ಸಂಬಂಧಿ ಎನ್ನಿ. ನಾನಂತೂ ಆ ಬೆಂಡು ಕಟ್ಟಿಕೊಂಡೂ ಮುಳುಗಿದವನು. ಕಾಕಾ ಜುಟ್ಟು ಹಿಡಿದು ಮೇಲೆತ್ತದಿದ್ದರೆ ಈ ಪ್ರಬಂಧ ನಿಮಗೆ ತಲುಪುತ್ತಿರಲಿಲ್ಲ. ಅಂದಿನಿಂದ ನವಿಲುತೀರ್ಥದ ಡ್ಯಾಮಿಗೆ ಹೋದರೂ ಕಟ್ಟೆಯ ಮೇಲೆ ನಿಂತು ನೀರಿಗೆ ದೂರದಿಂದಲೇ ನಮಸ್ಕಾರ ಮಾಡಿ ಬರುವವನು ನಾನು. ಸಮುದ್ರವನ್ನಂತೂ ಕಣ್ಣಾರೆ ಕಂಡೇ ಇಲ್ಲ. ಇಂಥವನಿಗೆ ಸಮುದ್ರದ ಹಲಗೆಗಳಿಗೆ ಲೋಗೋ ಬರೆಯುವ ಕೆಲಸ ಬಂದದ್ದು ಲಾರಿ ಡ್ರೈವರ್ ದಾವಲಸಾಬನ ಬಾಯಿಯಿಂದಾಗಿ.

ನನ್ನದು ರೇಡಿಯಂ ಅಂಗಡಿ. ನಂಬರ್ ಪ್ಲೇಟು, ಟ್ರ್ಯಾಕ್ಟರಿನ ಮೇಲೆ ಮನೆದೇವರ ಹೆಸರು, ಬೈಕಿನ ಟ್ಯಾಂಕಿಗೆ 'ತಾಯಿಯ ಆಶೀರ್ವಾದ', ಇವನ್ನೆಲ್ಲ ಸ್ಟಿಕ್ಕರ್ ಹಾಳೆಯಲ್ಲಿ ಕತ್ತರಿಸಿ ಅಂಟಿಸಿ ಕೊಡುವುದು ನನ್ನ ಕಸುಬು. ನಮ್ಮ ಅಂಗಡಿಯದೊಂದು ಪದ್ಧತಿ ಇದೆ. ಯಾವ ಹೊಸ ಗಾಡಿ ಬಂದರೂ ಮುಂದೆ ಹೆಸರು ಅಂಟಿಸಿದ ಮೇಲೆ, ಹಿಂದೆ ಕೆಳಗೆಲ್ಲಾದರೂ ಒಂದು ನೆದರಿನ ಮುಖ ಪುಕ್ಕಟೆ ಅಂಟಿಸಿ ಕಳಿಸುತ್ತೇನೆ. ಕೆಟ್ಟ ಕಣ್ಣು ಬೀಳಬಾರದೆಂದು ಹೊಸ ಮನೆಗಳ ಮೇಲೆ ರಾಕ್ಷಸನ ಮುಖ ತೂಗುಹಾಕುತ್ತಾರಲ್ಲ, ಅಂಥದ್ದು. ಬಿಟ್ಟ ಕಣ್ಣು, ಹುರಿ ಮೀಸೆ, ಹೊರಚಾಚಿದ ನಾಲಿಗೆ. ಅಂಗಡಿ ಹಾಕಿದ ಹೊಸದರಲ್ಲಿ ನಾನೇ ಅದನ್ನು ಬರೆದದ್ದು. ಬಾಯಿ ಎಷ್ಟು ಅಗಲ ತೆರೆದರೆ ನೋಡುವವರಿಗೆ ಅಂಜಿಕೆ ಹುಟ್ಟುತ್ತದೆ ಎಂದು ಅಂಗಡಿಯ ಕನ್ನಡಿಯಲ್ಲಿ ಒಂದೆರಡು ಸಲ ನೋಡಿಕೊಂಡದ್ದು ಬಿಟ್ಟರೆ ಉಳಿದದ್ದೆಲ್ಲ ನನ್ನ ಕಲ್ಪನೆ. ರಾಮದುರ್ಗ, ಸವದತ್ತಿ, ಕಿತ್ತೂರುಗಳ ರಸ್ತೆಯಲ್ಲಿ ಕಬ್ಬಿನ ಟ್ರೇಲರಿನ ಹಿಂದೆ ಸಿಕ್ಕಿಹಾಕಿಕೊಂಡವರೆಲ್ಲ ಆ ಮುಖವನ್ನು ಬೇಕಾದಷ್ಟು ಹೊತ್ತು ನೋಡಿರುತ್ತಾರೆ.

ದಾವಲಸಾಬನ ಲಾರಿಗೂ ಹೆಸರು ಬರೆದವನು ನಾನೇ. ಅವನು ಉಳ್ಳಾಗಡ್ಡಿ ಹೇರಿಕೊಂಡು ಕರಾವಳಿಗೆ ಹೋದಾಗ ಅಲ್ಲಿ ಒಬ್ಬ ಹೆಣ್ಣುಮಗಳು ಈ ಬಾಡಿಬೋರ್ಡ್ ತಯಾರಿಸುವ ಸಣ್ಣ ಕಾರ್ಖಾನೆ ಇಟ್ಟದ್ದು ಕಂಡಿದ್ದಾನೆ. ಆಕೆ ಲಾರಿಯ ಮೇಲಿನ ಅಕ್ಷರ ನೋಡಿ ಮೆಚ್ಚಿ ಯಾರು ಬರೆದದ್ದೆಂದು ಕೇಳಿದ್ದಾಳೆ. ದಾವಲಸಾಬ ಸುಮ್ಮನೆ ನನ್ನ ಹೆಸರು ಹೇಳಿ ಮುಗಿಸುವ ಆಸಾಮಿಯಲ್ಲ. ಇಡೀ ಬೆಳಗಾವಿ ಜಿಲ್ಲೆಯಲ್ಲಿ ನನ್ನಂಥ ಕಲಾವಿದ ಇನ್ನೊಬ್ಬನಿಲ್ಲ, ನೀರಿನ ಸಾಮಾನಿಗೆ ಬರೆಯುವುದೆಂದರೆ ನನಗೆ ನೀರು ಕುಡಿದಷ್ಟು ಸಲೀಸು ಎಂದುಬಿಟ್ಟ. ಹೀಗೆ 'ನೊರೆ' ಎಂಬ ಹೆಸರಿನ ಹಲಗೆಗಳಿಗೆ ಲೋಗೋ ಬರೆಯುವ ಹೊಣೆ ನನ್ನ ಕೊರಳಿಗೆ ಬಿತ್ತು.

ಒಂದು ತಿಂಗಳು ನಾನು ಅನ್ನ ನೀರು ನೆಟ್ಟಗೆ ಕಾಣಲಿಲ್ಲ. ಕಾಣದ ಅಲೆಯನ್ನು ಬರೆಯುವುದು ಹೇಗೆ? ಮೊದಲು ಬರೆದ ಅಲೆ ಕಬ್ಬಿನ ಸೋಗೆಯಂತಾಯಿತು. ಎರಡನೆಯದನ್ನು ಗಿರಿಜಾ ನೋಡಿ, ಇದು ಹೆಡೆ ಎತ್ತಿದ ನಾಗಪ್ಪ, ಪಂಚಮಿಗೆ ಇಟ್ಟುಕೊಳ್ಳಿ ಎಂದಳು. ಮೂರನೆಯದನ್ನು ಆ ಕಾರ್ಖಾನೆಯ ಮ್ಯಾಡಮ್ಮಿಗೆ ಕಳಿಸಿದರೆ, ಚೆನ್ನಾಗಿದೆ, ಆದರೆ ಹಾಲಿನ ಡೈರಿಯ ಗುರುತಿನ ಹಾಗಿದೆ ಎಂದು ಉತ್ತರ ಬಂತು. ಕಡೆಗೆ ಎತ್ತರದ ದಂಡೆಯಿಂದ ನೋಡಿದರೆ ಗಳೆ ಹೊಡೆದು ಉತ್ತ ಎರಿ ಹೊಲದ ಸಾಲು ಕಾಣುತ್ತದಲ್ಲ, ಅದನ್ನು ನೆನೆಸಿಕೊಂಡು ಮೂರು ಬಾಗಿದ ಗೆರೆ ಎಳೆದು, ಅದರ ಮೇಲೆ 'ನೊರೆ' ಎಂಬ ಅಕ್ಷರಗಳು ಉರುಳಿಕೊಂಡು ಬರುವಂತೆ ಕೂಡಿಸಿದೆ. ಮ್ಯಾಡಮ್ಮು ಒಪ್ಪಿದರು. ಇಪ್ಪತ್ತು ವರ್ಷ ನಂಬರ್ ಪ್ಲೇಟು ಕತ್ತರಿಸಿದ ಕೈ ಒಂದು ಹೊಸ ವಸ್ತುವನ್ನು ಹುಟ್ಟಿಸಿತ್ತು. ಅಂದು ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

ಕಣ್ಣು ತುಂಬಿ ಬಂದದ್ದಕ್ಕೆ ಯಾರ ತಕರಾರೂ ಇರಲಿಲ್ಲ. ನಾನು ಅಷ್ಟಕ್ಕೆ ನಿಲ್ಲಲಿಲ್ಲ ನೋಡಿ. ಮೊದಲ ಹನ್ನೆರಡು ಹಲಗೆಗಳ ಮೇಲೆ ಹುಡುಗರು ಸಮುದ್ರದಲ್ಲಿ ಆಡುತ್ತಾರೆ, ಅದರ ಫೋಟೋ ಬಾಡಿಬೋರ್ಡ್ ಸುದ್ದಿಯ ವೆಬ್‌ಸೈಟಿನಲ್ಲಿ ಬರುತ್ತದೆ, ಹೊರದೇಶದವರೂ ಅದನ್ನು ನೋಡುತ್ತಾರೆ, ಲೋಗೋ ಎದ್ದು ಕಂಡರೆ ಮುಂದಿನ ಎಲ್ಲ ಹಲಗೆಗಳ ಕೆಲಸವೂ ನಿಮ್ಮದೇ ಎಂದು ಮ್ಯಾಡಮ್ಮು ತಿಳಿಸಿದರು. ನಾನು ಆ ವೆಬ್‌ಸೈಟ್ ಓದಲು ಹಿಡಿದದ್ದು ಆಗಲೇ. ಇಂಗ್ಲಿಷನ್ನು ಮೊಬೈಲೇ ಹೇಗೋ ಕನ್ನಡ ಮಾಡಿ ಕೊಡುತ್ತದೆ. ಯಾವ ಕಂಪನಿ ಯಾವುದನ್ನು ನುಂಗಿತು, ಹಲಗೆಯ ಹೊಟ್ಟೆಯೊಳಗೆ ಗಟ್ಟಿ ಬರಲೆಂದು ಒಂದು ಕಡ್ಡಿ ಇಡಬೇಕೋ ಎರಡೋ, ಎಲ್ಲ ನನಗೆ ಬಾಯಿಪಾಠವಾಯಿತು. ನಂಬರ್ ಪ್ಲೇಟಿಗೆ ಬಂದ ಸುರೇಬಾನದ ರೈತರೊಬ್ಬರಿಗೆ ನಾನು ಒಂದು ಕಡ್ಡಿಯ ಪರವಾಗಿ ಅರ್ಧ ತಾಸು ವಾದಿಸಿದೆ. ಅವರು ಕಡೆಗೆ, ಎರಡು ಇದ್ದರೆ ಒಂದು ಮುರಿದರೂ ನಡೆಯುತ್ತದಲ್ಲ ಎಂದು ಎದ್ದು ಹೋದರು. ಇದೇ ಹುರುಪಿನಲ್ಲಿ ಅಂಗಡಿಯ ಮೇಲೆ 'ಅಂತರರಾಷ್ಟ್ರೀಯ ಲೋಗೋ ವಿನ್ಯಾಸಕರು' ಎಂದು ಕೆಂಪು ಅಕ್ಷರದಲ್ಲಿ ಹೊಸ ಬೋರ್ಡ್ ಏರಿಸಿದೆ. ಗಿರಿಜಾ ಕೆಳಗೆ ನಿಂತು ನಿಚ್ಚಣಿಕೆ ಹಿಡಿದುಕೊಂಡೇ ಹೇಳಿದಳು:

"ಮೊದಲ ಆ ಫೋಟೋ ಬರ್ಲಿ ತಡೀರಿ. ಬೋರ್ಡ್ ಏರಸೂದು ಸುಲಭ ಐತಿ. ಇಳಸೂವಾಗ ಇಡೀ ಪ್ಯಾಟಿ ನಿಂತು ನೋಡತೈತಿ."

ಆರು ತಿಂಗಳ ಮೇಲೆ ಹಲಗೆಗಳು ತಯಾರಾಗಿ ದಾವಲಸಾಬನ ಲಾರಿಯಲ್ಲೇ ಬಂದವು. ಜೊತೆಗೆ ಮ್ಯಾಡಮ್ಮಿನ ಮೆಸೇಜೂ ಬಂತು: ಲೋಗೋವನ್ನು ಹಲಗೆಯ ತಳಕ್ಕೆ ಅಂಟಿಸಿ. ನಾನು ಅದನ್ನು ಓದಿದೆ, ಓದಿ ನಕ್ಕೆ. ಓದಿದ ಹೆಣ್ಣುಮಗಳಾದರೇನು, ಪದ್ಧತಿ ಗೊತ್ತಿಲ್ಲ. ಹೆಸರನ್ನು ಯಾರಾದರೂ ತಳಕ್ಕೆ ಹಚ್ಚುತ್ತಾರೆಯೇ? ತಳ ಎಂದರೆ ಕೆಸರು ಹತ್ತುವ ಜಾಗ. ಹೆಸರು ಮೇಲೆ ಇರಬೇಕು, ತಳಕ್ಕೆ ಬೇಕಾದರೆ ನೆದರಿನ ಮುಖ ಇರಲಿ. ಹೀಗೆಂದುಕೊಂಡು ಹನ್ನೆರಡೂ ಹಲಗೆಗಳ ಮೇಲ್ಭಾಗದಲ್ಲಿ, ನಟ್ಟನಡುವೆ, ಒಂದು ಗುಳ್ಳೆ ಏಳದ ಹಾಗೆ ಲೋಗೋ ಅಂಟಿಸಿದೆ. ಮಗುಚಿ ಹಾಕಿ ತಳದಲ್ಲಿ ಪದ್ಧತಿಯ ಪ್ರಕಾರ ರಾಕ್ಷಸನನ್ನೂ ಅಂಟಿಸಿದೆ. ಜಾಗ ಬೇಕಾದಷ್ಟಿತ್ತು, ಹೀಗಾಗಿ ಟ್ರೇಲರಿಗೆ ಅಂಟಿಸುವ ದೊಡ್ಡ ಸೈಜಿನದನ್ನೇ ಅಂಟಿಸಿದೆ.

ಹಲಗೆಗಳನ್ನು ಹೇರಿಕೊಂಡು ಲಾರಿ ಕರಾವಳಿಗೆ ಹೋದ ಎರಡನೆಯ ದಿನ ಎಂದಿನಂತೆ ಚಹಾ ಕುಡಿಯುತ್ತ ಬಾಡಿಬೋರ್ಡ್ ಸುದ್ದಿ ತೆಗೆದೆ. ಅಂದು ಲೋಗೋಗಳ ಬಗ್ಗೆಯೇ ಒಂದು ಲೇಖನ ಇತ್ತು. ಹಲಗೆಯ ಮೇಲ್ಭಾಗ ಸವಾರನ ಹೊಟ್ಟೆಯಡಿ ಮುಚ್ಚಿಹೋಗುತ್ತದೆ. ಜಾರಬಾರದೆಂದು ಅಲ್ಲಿ ಮೇಣ ಬೇರೆ ತಿಕ್ಕುತ್ತಾರೆ. ಸವಾರ ಅಲೆಯಿಂದ ಮೇಲಕ್ಕೆ ಹಾರಿದಾಗ ಜಗತ್ತಿಗೆ ಕಾಣುವುದು ತಳ ಒಂದೇ, ಆದ್ದರಿಂದ ತಿಳಿದವರು ಲೋಗೋವನ್ನು ತಳದಲ್ಲೇ ಇಡುತ್ತಾರೆ. ಹೀಗೆ ಬರೆದಿತ್ತು. ಆರು ತಿಂಗಳು ಆ ಫೋಟೋಗಳನ್ನು ದಿನಾ ನೋಡಿದವನು ನಾನು. ಪ್ರತಿ ಫೋಟೋದಲ್ಲೂ ತಳವೇ ಇತ್ತು. ಕಣ್ಣಿದ್ದೂ ಕುರುಡ ಎಂದು ಹಿರಿಯರು ಹೇಳುವುದು ನನ್ನಂಥವನನ್ನು ನೋಡಿಯೇ ಇರಬೇಕು. ಚಹಾ ಆರಿಹೋಯಿತು. ಒಂದು ತಿಂಗಳಿಡೀ ಜೀವ ತೇಯ್ದ ಲೋಗೋ ಹನ್ನೆರಡು ಹೊಟ್ಟೆಗಳ ಕೆಳಗೆ ಮುಚ್ಚಿಹೋಗಲಿತ್ತು, ಹೊರದೇಶದವರ ಕಣ್ಣಿಗೆ ಬೀಳಲಿದ್ದದ್ದು ನಾಲಿಗೆ ಚಾಚಿದ ರಾಕ್ಷಸ.

ದಾವಲಸಾಬನಿಗೆ ಫೋನ್ ಹಚ್ಚಿದೆ. ಘಟ್ಟದಲ್ಲೆಲ್ಲಾದರೂ ಲಾರಿ ಕೆಟ್ಟು ನಿಂತಿರಲಿ ಎಂದು ಗೆಳೆಯನಿಗೆ ಕೇಡು ಬಯಸಿದ್ದು ಅದೊಂದೇ ಸಲ.

"ಮಾಲ್ ನಿನ್ನೀನ ಮುಟ್ಟಿಸೇನ್ರಿ, ಶಿವಲಿಂಗಣ್ಣ," ಎಂದ ಅವನು. "ಮ್ಯಾಡಮ್ಮಾರು ಒಂದ ಹಲಗಿ ಮಗಚಿ ನೋಡಿದ್ರು. ಆಮ್ಯಾಲ ಹನ್ನೆರಡೂ ಮಗಚಿ ನೋಡಿದ್ರು."

ನಕ್ಕರೋ, ಸಿಟ್ಟಾದರೋ ಎಂದು ಕೇಳಿದೆ. ಅವರ ಮುಖಕ್ಕೆ ದೊಡ್ಡ ಬಿಸಿಲ ಟೊಪ್ಪಿಗೆ ಅಡ್ಡ ಇತ್ತು, ತನಗೆ ಗೊತ್ತಾಗಲಿಲ್ಲ ಎಂದ.

ಮುಂದಿನ ನಾಲ್ಕು ದಿನ ನಾನು ಪಟ್ಟ ಪಾಡು ವೈರಿಗೂ ಬೇಡ. ಮ್ಯಾಡಮ್ಮಿಗೆ ನಾನಾಗಿ ಫೋನ್ ಮಾಡಲು ಧೈರ್ಯ ಸಾಲಲಿಲ್ಲ. ಅಂಗಡಿಗೆ ಬಂದವರೆಲ್ಲ ತಲೆ ಎತ್ತಿ ಬೋರ್ಡ್ ಓದಿ, 'ಏನ್ರಿ, ಫೋಟೋ ಬಂತೇನ್ರಿ?' ಎಂದು ಕೇಳುವವರೇ. ಆ 'ಅಂತರರಾಷ್ಟ್ರೀಯ' ಎಂಬ ಶಬ್ದ ಎಷ್ಟು ಉದ್ದವಿದೆ ಎಂಬುದು ಅದನ್ನು ಕಿತ್ತು ತೆಗೆಯುವ ವಿಚಾರ ಬಂದಾಗಲೇ ನನಗೆ ಹೊಳೆದದ್ದು. ಹೊತ್ತು ಹುಟ್ಟುವ ಮೊದಲೇ ಎದ್ದು ಕಿತ್ತರೆ ಯಾರೂ ನೋಡಲಿಕ್ಕಿಲ್ಲ ಎಂದು ಗಿರಿಜಾಳಿಗೆ ಹೇಳಿದೆ. ಹಾಲಿನವರು, ಪೇಪರಿನವರು, ವಾಕಿಂಗಿನವರು ಎಲ್ಲ ಆಗಲೇ ಎದ್ದಿರುತ್ತಾರೆ ಎಂದಳು. ಇವಳು ಒಂದು ಸಲವಾದರೂ ತಪ್ಪು ಮಾತು ಆಡಿದ್ದರೆ ನಮ್ಮ ಸಂಸಾರ ಇನ್ನೂ ಸುಖವಾಗಿರುತ್ತಿತ್ತು.

ಐದನೆಯ ದಿನ ಸುರೇಬಾನದಲ್ಲಿ ಗಿರಿಜಾಳ ಅಕ್ಕನ ಹೊಸ ಮನೆಯ ಗೃಹಪ್ರವೇಶ. ಜನರ ಮುಂದೆ ಹೋಗುವ ಮನಸ್ಸೇ ಇರಲಿಲ್ಲ, ಆದರೆ ಹೋಗದಿದ್ದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತಿತ್ತು. ಬಸ್ಸು ಮುನವಳ್ಳಿ ಬಿಟ್ಟು ಸ್ವಲ್ಪ ಮುಂದೆ ಬಂದಾಗ ಫೋನ್ ರಿಂಗಾಯಿತು. ಮ್ಯಾಡಮ್ಮು. ನಾನು ಫೋನನ್ನು ನೋಡುತ್ತ ಕುಳಿತೆ. ಗಿರಿಜಾ ಕೈಚಾಚಿ ಹಸಿರು ಗುಂಡಿ ಒತ್ತಿ ನನ್ನ ಕಿವಿಗೇ ಹಿಡಿದಳು.

"ಶಿವಲಿಂಗಪ್ಪನವರೇ, ನಾನು ತಳಕ್ಕೆ ಅಂಟಿಸಿ ಎಂದು ಬರೆದದ್ದಲ್ಲವಾ?" ಎಂದರು ಮ್ಯಾಡಮ್ಮು.

ಹೌದು, ತಪ್ಪಾಯಿತು ಎಂದೆ. ಹನ್ನೆರಡನ್ನೂ ವಾಪಸ್ ಕಳಿಸಿ, ಕಿತ್ತು ಹೊಸದಾಗಿ ಅಂಟಿಸಿ ಕೊಡುತ್ತೇನೆ ಎಂದೆ. ಸೋತ ಮನುಷ್ಯನ ದನಿ ಹೇಗಿರುತ್ತದೆ ಎಂಬುದು ಬಸ್ಸಿನ ಅರ್ಧ ಮಂದಿಗೆ ಅಂದು ಗೊತ್ತಾಯಿತು.

"ಕೀಳುವುದೆಲ್ಲ ಆಗಿದೆ. ಮೇಲಿನದು ಜಾರುತ್ತದೆ ಎಂದು ಹುಡುಗರೇ ಮೊದಲ ದಿನ ಕಿತ್ತು ಬಿಸಾಡಿದರು. ಆದರೆ ತಳದ ಆ ಮುಖ ಮುಟ್ಟಲು ಯಾರೂ ಬಿಡುವುದಿಲ್ಲ ಮಾರಾಯ್ರೆ. ಫೋಟೋ ಬಂದಿದೆ, ಕಳಿಸಿದ್ದೇನೆ ನೋಡಿ. ಹಲಗೆ ಎಲ್ಲಿ ಸಿಗುತ್ತದೆ ಎಂದು ಬೆಳಗಿನಿಂದ ಕೇಳುತ್ತಿದ್ದಾರೆ. ಇನ್ನು ಎಲ್ಲ ಹಲಗೆಗೂ ಅದೇ ಮುಖ ಇರಲಿ. ಕೆಳಗೆ ಸಣ್ಣದಾಗಿ ನೊರೆ ಎಂದು ಬರೆಯಿರಿ, ಸಾಕು."

ನಾಲ್ಕು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಯಾರೋ ಎತ್ತಿ ರಸ್ತೆಗೆ ಎಸೆದ ಹಾಗಾಯಿತು. ಕಿಟಕಿಯಾಚೆ ದೂರದಲ್ಲಿ ಡ್ಯಾಮಿನ ನೀರು ಹೊಳೆಯುತ್ತಿತ್ತು. ಹುಟ್ಟಿದ ಮೇಲೆ ಮೊದಲ ಸಲ ನನಗೆ ನೀರಿನ ಮೇಲೆ ಪ್ರೀತಿ ಬಂತು. ಕೆಟ್ಟ ಕಾಲದಲ್ಲಿ ಗುಂಡು ತೇಲಿ ಬೆಂಡು ಮುಳುಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಕಾಲ ಕೆಟ್ಟಿದ್ದರೆ ಕೆಡಲಿ, ನನ್ನ ಗುಂಡು ತೇಲಿತ್ತು, ಅಷ್ಟು ಸಾಕು. ರಾಮದುರ್ಗ ಬರುವವರೆಗೆ ನಾನು ಪಕ್ಕದಲ್ಲಿ ಕುಳಿತ ಅಪರಿಚಿತರಿಗೆ ಕಲೆಯಲ್ಲಿ ತಳದ ಮಹತ್ವವನ್ನು ವಿವರಿಸುತ್ತ ಬಂದೆ.

ಸುರೇಬಾನದಲ್ಲಿ ಪೂಜೆ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಕುಳಿತಾಗ ನಾನಾಗಿಯೇ ಫೋನ್ ತೆಗೆದು ಫೋಟೋ ತೋರಿಸಿದೆ. ನೀಲಿ ಆಕಾಶ, ಬಿಳಿ ನೊರೆ, ಗಾಳಿಯಲ್ಲಿ ಹಲಗೆಗೆ ಅವುಚಿಕೊಂಡ ಹುಡುಗ, ಹಲಗೆಯ ತಳದ ತುಂಬ ಕಣ್ಣು ಬಿಟ್ಟ ನನ್ನ ರಾಕ್ಷಸ. ಫೋನ್ ಕೈಯಿಂದ ಕೈಗೆ ಹೋಗಿ ಗಿರಿಜಾಳ ಅಕ್ಕನ ಅತ್ತೆಯವರ ಹತ್ತಿರ ನಿಂತಿತು. ಎಂಬತ್ತು ದಾಟಿದ ಮುದುಕಿ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬಾಗಿಲ ಮೇಲೆ, ಗೃಹಪ್ರವೇಶಕ್ಕೆಂದು ನಾನೇ ಹಿಂದಿನ ವಾರ ಕಳಿಸಿಕೊಟ್ಟ ನೆದರಿನ ಮುಖವನ್ನು ನೋಡಿದರು. ಆಮೇಲೆ ನನ್ನ ಕಡೆ ಹೊರಳಿ ಬಹಳ ಹೊತ್ತು ನೋಡಿದರು.

"ಯವ್ವಾ ಗಿರಿಜಾ, ನಿನ್ನ ಗಂಡ ತನ್ನ ಫೋಟೋನ ಬಾಗಲಕ್ಕ ಹಚ್ಚಾಕ ಕೊಟ್ಟಾನಲ್ಲ," ಎಂದರು.

ಇಡೀ ಪಡಸಾಲೆ ಮೂರು ಮುಖಗಳನ್ನೂ ಒಂದು ಸುತ್ತು ನೋಡಿತು. ಅದು ಕಲ್ಪನೆಯಿಂದ ಬರೆದದ್ದು ಎಂದು ನಾನು ಹೇಳಲು ಹೊರಟೆ. ಅಂಗಡಿಯ ಕನ್ನಡಿ ನೆನಪಾಗಿ ಅರ್ಧಕ್ಕೇ ನಿಂತೆ. ಗಿರಿಜಾಳ ಕಡೆ ನೋಡಿದೆ, ಹೆಂಡತಿಯಲ್ಲವೇ, ಇಷ್ಟು ಜನರ ಮುಂದೆ ಕೈಬಿಡಲಿಕ್ಕಿಲ್ಲ ಎಂದು. ಅವಳು ಬಳೆ ಸರಿಮಾಡಿಕೊಳ್ಳುತ್ತ, ಎಷ್ಟೋ ವರ್ಷದಿಂದ ಬಲ್ಲ ಸಂಗತಿಯನ್ನು ಹೇಳುವ ಹಾಗೆ ಹೇಳಿದಳು:

"ನನಗ ಮೊದಲಿಂದ ಗೊತ್ತೈತ್ರಿ ಅತ್ತಿ. ಮುಂಜಾನೆ ಚಾ ತಡಾ ಆದ ದಿನ ಹಿಂಗ ಇರತಾರ."

ಹೊಸ ಮನೆ ನಗುವಿನಿಂದ ತುಂಬಿದರೆ ಶುಭ ಎನ್ನುತ್ತಾರೆ. ಅಂದು ಆ ಮನೆಗೆ ಆದಷ್ಟು ಶುಭ ಯಾವ ಪೂಜೆಯಿಂದಲೂ ಆಗುತ್ತಿರಲಿಲ್ಲ. ನಾನೂ ನಕ್ಕೆ. ನಗುವಾಗ ಬಾಯಿ ಅಷ್ಟು ಅಗಲ ತೆರೆಯದಂತೆ ಮಾತ್ರ ನೋಡಿಕೊಂಡೆ.

ಈಗ ಅಂಗಡಿಯ ಬೋರ್ಡ್ ಇದ್ದಲ್ಲೇ ಇದೆ, 'ಅಂತರರಾಷ್ಟ್ರೀಯ' ಸಹಿತ. ಅದರ ಪಕ್ಕದಲ್ಲಿ ಆ ಮುಖವನ್ನೂ ಅಂಟಿಸಿದ್ದೇನೆ. ಬಾಡಿಬೋರ್ಡ್ ಸುದ್ದಿ ಓದುವುದನ್ನು ಬಿಟ್ಟಿಲ್ಲ, ಕಡ್ಡಿ ಎರಡು ಇರುವುದೇ ಒಳ್ಳೆಯದು ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಮನೆಯಲ್ಲಿ ಚಹಾ ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತದೆ. ಮೊದಲ ಸಲ ಅಂಗಡಿ ಹುಡುಕಿಕೊಂಡು ಬರುವವರು ರಸ್ತೆಯ ಆಚೆ ನಿಂತು ಬೋರ್ಡಿನ ಮುಖವನ್ನೊಮ್ಮೆ, ಒಳಗೆ ಕುಳಿತ ನನ್ನನ್ನೊಮ್ಮೆ ನೋಡುತ್ತಾರೆ. ಆಮೇಲೆ ಯಾರನ್ನೂ ಏನನ್ನೂ ಕೇಳದೆ ಸೀದಾ ಒಳಗೆ ಬರುತ್ತಾರೆ.